ಬಲಗಿವಿಯ ಹಿಂದಿನ ಎರಡು ಚುಕ್ಕೆ

ಪೌಡರಣ್ಣನ ಕಟಿಂಗ್ ಶಾಪಿನಲ್ಲಿ ಕುರ್ಚಿಗಳು ಎರಡಿದ್ದವು. ಒಂದು ಕೂದಲು ಕತ್ತರಿಸಿಕೊಳ್ಳುವವರಿಗೆ, ಇನ್ನೊಂದು ಕತ್ತರಿಸಿಕೊಳ್ಳದೆ ಸುಮ್ಮನೆ ಬಂದು ಕೂರುವವರಿಗೆ. ಆ ಎರಡನೆಯದು ಖಾಲಿ ಬಿದ್ದದ್ದನ್ನು ಕಂಡವರಿಲ್ಲ. ಕೆಲಸ ಮುಗಿದ ಮೇಲೆ ಗಿರಾಕಿಯ ಕತ್ತು ಬೆಳ್ಳಗಾಗುವಷ್ಟು ಪೌಡರು ಬಳಿದು ಕಳಿಸುವುದು ಅವನ ಪದ್ಧತಿ, ಹಾಗಾಗಿ ಆ ಹೆಸರು. ನಿಜವಾದ ಹೆಸರು ಬೋರ್ಡಿನ ಮೇಲಿತ್ತು. ಅದು ಬಿಸಿಲಿಗೆ ಮಾಸಿಹೋಗಿತ್ತು, ಮತ್ತೆ ಬರೆಸುವ ಗೋಜಿಗೆ ಅವನೂ ಹೋಗಿರಲಿಲ್ಲ.

ಕೈ ಬಹಳ ಹಗುರ, ಅದರಲ್ಲಿ ಎರಡು ಮಾತಿಲ್ಲ. ಕತ್ತಿ ಕೆನ್ನೆಗೆ ತಾಗಿದ್ದೇ ಗೊತ್ತಾಗುವುದಿಲ್ಲ ಎಂದು ಮುದುಕರು ಹೇಳುತ್ತಿದ್ದರು. ಬಾಯಿ ಮಾತ್ರ ಹಾಗಲ್ಲ. ಈ ಕುರ್ಚಿಯಲ್ಲಿ ಕೇಳಿದ್ದನ್ನು ಮುಂದಿನವನು ಬಂದು ಕೂರುವಷ್ಟರಲ್ಲಿ ಉಪ್ಪುಖಾರ ಹಚ್ಚಿ ತಯಾರು ಮಾಡಿಟ್ಟುಕೊಂಡಿರುತ್ತಿದ್ದ. ನಿಮ್ಮ ಬಾಯಿಗೊಂದು ಬೀಗ ಹಾಕಿಸಬೇಕು ಎಂದು ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಳು. ಬೀಗ ಹಾಕಿದರೆ ಅಂಗಡಿಗೂ ಹಾಕಬೇಕಾಗುತ್ತದೆ ಎಂದು ಅವನು ನಕ್ಕು ತಳ್ಳಿಹಾಕುತ್ತಿದ್ದ.

ಅವನಿಗೆ ಒಬ್ಬಳೇ ತಂಗಿ. ಅಪ್ಪ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಓದಿಸಿದ್ದು, ನರ್ಸಿಂಗ್ ಶಾಲೆಗೆ ಸೇರಿಸಿದ್ದು ಎಲ್ಲ ಅವನೇ. ಊರಿನ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡು ನೋಡಿಕೊಳ್ಳುವ ಸಿಸ್ಟರ್ ಆದಾಗ ಅವಳು ಅಣ್ಣನಿಗೊಂದು ಬೆಳ್ಳಿಯ ಉಂಗುರ ತಂದುಕೊಟ್ಟಳು. ಅದರಲ್ಲಿ ಅಕ್ಕಪಕ್ಕ ಎರಡು ಸಣ್ಣ ಹರಳು. ಒಂದು ನೀನು, ಒಂದು ನಾನು ಎಂದಿದ್ದಳು. ಅವನು ಎಡಗೈಯ ತೋರುಬೆರಳಿಗೆ ಹಾಕಿಕೊಂಡವನು ತೆಗೆದದ್ದೇ ಇಲ್ಲ. ಆಮೇಲೆ ಬೆರಳು ದಪ್ಪಗಾಗಿ ತೆಗೆಯಲು ಬರುವಂತೆಯೂ ಇರಲಿಲ್ಲ. ಕೆಲಸಕ್ಕೆ ನಿಂತಾಗ ಹರಳಿಗೆ ಗಿರಾಕಿಯ ಕೂದಲು ಸಿಕ್ಕಿಕೊಳ್ಳಬಾರದೆಂದು ಉಂಗುರವನ್ನು ಅಂಗೈ ಕಡೆಗೆ ತಿರುಗಿಸಿಕೊಳ್ಳುವುದು, ಸಂಜೆ ಬಾಗಿಲು ಹಾಕುವಾಗ ಮತ್ತೆ ಮೇಲಕ್ಕೆ ತಿರುಗಿಸುವುದು, ಇಷ್ಟೇ.

ತಂಗಿಯ ಕೂದಲಿಗೂ ಬೇರೆ ಯಾರ ಕತ್ತರಿಯೂ ಬಿದ್ದಿರಲಿಲ್ಲ. ಡ್ಯೂಟಿಯಲ್ಲಿ ಅನುಕೂಲವೆಂದು ಅವಳು ಗಿಡ್ಡ ಕೂದಲು ಬಿಟ್ಟಿದ್ದಳು. ಬೆಳೆದಾಗಲೆಲ್ಲ ಭಾನುವಾರ ಬೆಳಿಗ್ಗೆ ಅಣ್ಣನ ಮನೆಯ ಹಿತ್ತಿಲಲ್ಲಿ ಸ್ಟೂಲಿನ ಮೇಲೆ ಬಂದು ಕೂರುವಳು. ಅವನು ಕತ್ತರಿಸುತ್ತ ಊರ ಸುದ್ದಿ ಹೇಳುವನು, ಅವಳು ಅರ್ಧ ಕೇಳುತ್ತ ಅರ್ಧ ತೂಕಡಿಸುವಳು.

ಹೀಗಿರುವಾಗ, ಬೀದಿಯ ಕೊನೆಯಲ್ಲಿ ಪಾಳುಬಿದ್ದಿದ್ದ ಹಳೆಯ ಚಿತ್ರಮಂದಿರವನ್ನು ಯಾರೋ ಕೊಂಡು, ಸುಣ್ಣ ಬಣ್ಣ ಮಾಡಿಸಿ, ನಾಯಕತ್ವ ತರಬೇತಿ ಕೇಂದ್ರ ಎಂದು ಬೋರ್ಡು ತಗುಲಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ನಿಮ್ಮೊಳಗಿನ ನಾಯಕನನ್ನು ಎಬ್ಬಿಸಿ’ ಎಂದಿತ್ತು. ಮೊದಲಿಗೆ ಅದು ನಗೆಯ ವಿಷಯವಾಯಿತು. ಎಬ್ಬಿಸಿದ ಮೇಲೆ ಅವನಿಗೆ ಕಾಫಿ ಯಾರು ಕೊಡುತ್ತಾರೆ ಎಂದು ಪೌಡರಣ್ಣ ಕೇಳಿದ್ದಕ್ಕೆ ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತು.

ಆಮೇಲೆ ನಗು ಕಡಿಮೆಯಾಯಿತು. ಅಲ್ಲಿಗೆ ಬರುವವರು ಗೇಟಿನಲ್ಲೇ ಫೋನುಗಳನ್ನು ಬುಟ್ಟಿಗೆ ಹಾಕಿ ಒಳಗೆ ಹೋಗುತ್ತಿದ್ದರು. ಮೂರು ದಿನ ಹೊರಗೆ ತಲೆ ಹಾಕುತ್ತಿರಲಿಲ್ಲ. ಕಿಟಕಿಗಳಿಗೆ ಯಾವಾಗಲೂ ಪರದೆ. ಕಾಂಪೌಂಡಿನ ಸಂದಿಯಲ್ಲಿ ಇಣುಕಿದವರಿಗೆ, ಒಳ್ಳೊಳ್ಳೆ ಹುದ್ದೆಯಲ್ಲಿರುವ ದೊಡ್ಡ ಮನುಷ್ಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು, ಅಂಗಳದಲ್ಲಿ ಸಾಲಾಗಿ ನಡೆಯುವುದು ಕಂಡಿತಂತೆ. ಒಮ್ಮೆಗೇ ಚಪ್ಪಾಳೆ, ಆಮೇಲೆ ಗಾಢ ಮೌನ, ಆಮೇಲೆ ಯಾರೋ ಅಳುವ ಸದ್ದು. ಹೊರಗೆ ಬಂದವರನ್ನು ಏನು ಮಾಡಿದಿರಿ ಎಂದು ಕೇಳಿದರೆ, ಒಳಗೆ ಆಡಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇವೆ ಎನ್ನುತ್ತಿದ್ದರು. ಹೇಳಿ, ಯಾರಿಗೆ ತಾನೇ ತಲೆ ಕೆಡುವುದಿಲ್ಲ?

ಎಲ್ಲಕ್ಕಿಂತ ಹೆಚ್ಚು ತಲೆ ಕೆಟ್ಟದ್ದು ಮೊಳೆ ಸಾಹುಕಾರನಿಗೆ. ಮೊಳೆ, ಬೀಗ, ತಂತಿ ಮಾರುವ ಅವನ ಅಂಗಡಿ ಪೌಡರಣ್ಣನ ಅಂಗಡಿಗೆ ಎದುರಾಗಿತ್ತು. ವ್ಯಾಪಾರವನ್ನು ಕೆಲಸದವರಿಗೆ ಬಿಟ್ಟು ಎರಡನೆಯ ಕುರ್ಚಿಯನ್ನು ಅವನು ಬಹುಪಾಲು ಸ್ವಂತ ಮಾಡಿಕೊಂಡಿದ್ದ. ಅವನ ಲೆಕ್ಕ ಸರಳ. ಬ್ಯಾಂಕಿನವರು ಅಲ್ಲಿಗೆ ಹೋಗಿಬಂದರು, ಮ್ಯಾನೇಜರಾದರು. ಶಾಲೆಯ ಗಣಿತದ ಮೇಷ್ಟ್ರು ಹೋಗಿಬಂದರು, ಹೆಡ್‌ಮಾಸ್ಟರಾದರು. ಊರಿನಲ್ಲಿ ಯಾರು ಮೇಲೆ ಕೂರಬೇಕು, ಯಾರು ಕೆಳಗೆ ಕೂರಬೇಕು ಎನ್ನುವುದು ಆ ಪರದೆಯ ಹಿಂದೆಯೇ ತೀರ್ಮಾನವಾಗುತ್ತಿದೆ, ಇದರ ದಾರ ಎಲ್ಲೋ ದೂರದಲ್ಲಿ ಯಾರದೋ ಕೈಯಲ್ಲಿದೆ ಎಂದು ಅವನು ಓರೆಗಣ್ಣಿನಲ್ಲಿ ನೋಡುತ್ತ ಹೇಳುವಾಗ ಪೌಡರಣ್ಣನ ಕತ್ತರಿ ತಾನಾಗಿಯೇ ನಿಲ್ಲುತ್ತಿತ್ತು.

ಒಂದು ಸಂಜೆ ಹೊಸ ಬ್ಯಾಂಕ್ ಮ್ಯಾನೇಜರು ಎರಡನೆಯ ಸುತ್ತಿನ ತರಬೇತಿ ಮುಗಿಸಿ ನೇರ ಆ ಕೇಂದ್ರದಿಂದಲೇ ಕಟಿಂಗಿಗೆ ಬಂದರು. ಪೌಡರಣ್ಣ ಎಂದಿನಂತೆ ಕತ್ತರಿಸಿ, ಕಿವಿಯ ಸುತ್ತ ಕತ್ತಿಯಾಡಿಸಿ, ಪೌಡರು ಬಳಿಯಲು ಬ್ರಷ್ಷು ಎತ್ತಿಕೊಂಡಾಗ ಸಾಹುಕಾರನ ಮಾತು ನೆನಪಾಗಿ, ಏನಾದರೂ ಗುರುತು ಇದೆಯೋ ಎಂದು ಸ್ವಲ್ಪ ಬಗ್ಗಿ ನೋಡಿದ. ಬಲಗಿವಿಯ ಹಿಂದೆ ಅಕ್ಕಪಕ್ಕ ಎರಡು ಸಣ್ಣ ಕೆಂಪು ಚುಕ್ಕೆ. ಸೂಜಿ ಚುಚ್ಚಿದ ಹಾಗೆ. ಇದೇನು ಸಾರ್ ಎಂದ. ಏನೋ ಸೊಳ್ಳೆ ಕಚ್ಚಿರಬೇಕು ಎಂದು ಮ್ಯಾನೇಜರು ಎದ್ದು ಹೋದರು.

ಸೊಳ್ಳೆ ಅಳತೆ ಹಿಡಿದು ಜೋಡಿಯಾಗಿ ಕಚ್ಚುತ್ತದೆಯೇ? ಪೌಡರಣ್ಣನಿಗೆ ಆ ರಾತ್ರಿ ಊಟ ಸೇರಲಿಲ್ಲ. ಆ ವಾರ ಹೆಡ್‌ಮಾಸ್ಟರು ಬಂದರು. ಅವರದೂ ಕೆಲಸವೆಲ್ಲ ಮುಗಿದ ಮೇಲೆ ಬಗ್ಗಿ ನೋಡಿದ. ಅದೇ ಕಿವಿ, ಅದೇ ಜಾಗ, ಅದೇ ಎರಡು ಚುಕ್ಕೆ. ತರಬೇತಿಗೆ ಹೋಗಿಬಂದ ಇನ್ನೊಬ್ಬರು ಬಂದರು, ಅವರಿಗೂ ಇತ್ತು. ಹೋಗದವರ ಕಿವಿಯ ಹಿಂದೆ ಅವನು ನೋಡಲಿಲ್ಲ. ಹೋಗದವರ ಕಿವಿಯಲ್ಲಿ ನೋಡುವಂಥದ್ದು ಏನಿದೆ?

ಹೊಟ್ಟೆಯಲ್ಲಿ ಮಾತು ನಿಲ್ಲದ ಮನುಷ್ಯ. ಸಾಹುಕಾರನಿಗೆ ಹೇಳಿಯೇಬಿಟ್ಟ. ಸಾಹುಕಾರ ಕುರ್ಚಿಯಿಂದ ಎದ್ದು ಅವನ ಎರಡೂ ಕೈ ಹಿಡಿದುಕೊಂಡು, ಇಷ್ಟು ದಿನ ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲ ಅಂತಿದ್ರಲ್ಲ, ಇನ್ನೇನು ಬೇಕು ಎಂದ. ಸಂಜೆಯೊಳಗೆ ಬೀದಿಗೆ ಗೊತ್ತಾಯಿತು, ವಾರದೊಳಗೆ ಊರಿಗೆ. ಚುಕ್ಕೆಗಳು ಬಾಯಿಂದ ಬಾಯಿಗೆ ಹೋಗಿ ಅಕ್ಕಿಕಾಳಿನಷ್ಟು ಯಂತ್ರವಾದವು. ಅದನ್ನು ಚರ್ಮದೊಳಗೆ ಇಳಿಸುತ್ತಾರಂತೆ, ಆಮೇಲೆ ಆ ಮನುಷ್ಯ ಅವರು ಹೇಳಿದ ಹಾಗೆ ಕೇಳುತ್ತಾನಂತೆ. ಇದನ್ನೆಲ್ಲ ಪೌಡರಣ್ಣ ಹೇಳಿರಲಿಲ್ಲ. ಆದರೆ ತನ್ನ ಅಂಗಡಿಯಲ್ಲೇ ಇದನ್ನು ಬೇರೆಯವರ ಬಾಯಿಂದ ಕೇಳಿದಾಗ ಅಲ್ಲ ಎಂದೂ ಅನ್ನಲಿಲ್ಲ. ಜನ ದಾರಿಯಲ್ಲಿ ನಿಲ್ಲಿಸಿ, ನೀವೇ ಕಣ್ಣಾರೆ ನೋಡಿದ್ದಂತಲ್ಲ ಎಂದು ಕೇಳುವಾಗ ಅವನ ಎದೆ ಉಬ್ಬುತ್ತಿತ್ತು. ಮುಚ್ಚುಮರೆ ಯಾಕೆ, ಅವನಿಗೆ ಅದು ಇಷ್ಟವಾಗಿತ್ತು.

ಅಷ್ಟರಲ್ಲಿ ಆಸ್ಪತ್ರೆಯವರು ಅವನ ತಂಗಿಯನ್ನೂ ಆ ತರಬೇತಿಗೆ ಕಳಿಸಿದರು. ಹೆಡ್ ಸಿಸ್ಟರ್ ಹುದ್ದೆ ಖಾಲಿಯಾಗುವುದರಲ್ಲಿತ್ತು, ಅದು ಅವಳಿಗೇ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಹುಡುಗಿಯಾಗಿದ್ದಾಗಿನಿಂದ ಕಂಡ ಕನಸು ಅದೊಂದೇ. ಹೋಗಬೇಡ ಎನ್ನಲು ಪೌಡರಣ್ಣನಿಗೆ ಬಾಯಿ ಬರಲಿಲ್ಲ, ಹೋಗು ಎನ್ನಲೂ ಬರಲಿಲ್ಲ.

ತರಬೇತಿ ಮುಗಿಸಿಬಂದ ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಅವಳು ಹಿತ್ತಿಲಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಹೆಂಡತಿ ಬಾಗಿಲಲ್ಲಿ ನಿಂತು, ಏನಮ್ಮ, ನಿನ್ನೊಳಗಿನ ನಾಯಕಿ ಎದ್ದಳಾ ಎಂದು ಕಿಚಾಯಿಸಿದಳು. ತಂಗಿ ನಗುತ್ತ, ಎದ್ದಳು ಅತ್ತಿಗೆ, ಎದ್ದು ಮತ್ತೆ ಮಲಗಿದಳು ಎಂದಳು. ಪೌಡರಣ್ಣ ಮಾತ್ರ ನಗಲಿಲ್ಲ. ಅಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂದು ಕೇಳಿದ.

ಮಾಡುವುದೇನು, ಒಬ್ಬೊಬ್ಬರೂ ಎದ್ದು ನಿಂತು ತನಗೆ ಯಾವುದರ ಭಯ ಎಂದು ಎಲ್ಲರೆದುರು ಹೇಳಬೇಕು, ಕೆಲವರು ಹೇಳುತ್ತ ಅತ್ತುಬಿಡುತ್ತಾರೆ, ಅದನ್ನು ಬೀದಿಯಲ್ಲಿ ಆಡಿಕೊಳ್ಳಬಾರದಲ್ಲ, ಅದಕ್ಕೇ ಹೊರಗೆ ಹೇಳಬೇಡಿ ಎನ್ನುವುದು ಎಂದಳು. ಕಣ್ಣು ಕಟ್ಟಿ ನಡೆಸುವುದು ಯಾಕೆಂದರೆ, ಮುಂದೆ ಹೋಗುವವನನ್ನು ನಂಬಿ ನಡೆಯುವವರ ಪಾಡು ಏನೆಂದು ಮುಂದೆ ಹೋಗುವವನಿಗೆ ತಿಳಿಯಲಿ ಎಂದು. ಅಲ್ಲಿಗೆ ಹೋದವರೆಲ್ಲ ಮೇಲಕ್ಕೇರುತ್ತಾರಲ್ಲ ಎಂದ.

“ಅಯ್ಯೋ ಅಣ್ಣ, ಮೇಲಕ್ಕೆ ಏರಿಸ್ಬೇಕು ಅಂತ ಇರೋರನ್ನೇ ಅಲ್ಲಿಗೆ ಕಳಿಸೋದು. ನೀನು ಹಿಂದೆಮುಂದೆ ಮಾಡಿ ನೋಡ್ತಿದ್ದೀಯ.”

ಅವನಿಗೆ ಸರಿ ಎನಿಸಿತು. ಹಾಗಿದ್ದರೂ ಕಿವಿಯ ಸುತ್ತ ಕತ್ತಿಯಾಡಿಸುವ ಹೊತ್ತು ಬಂದಾಗ ಮಸೆದಿದ್ದ ಕತ್ತಿಯನ್ನೇ ಇನ್ನೊಮ್ಮೆ ಮಸೆದ. ಬಲಗಿವಿಯನ್ನು ಎಡಗೈಯ ತೋರುಬೆರಳಿನಿಂದ ಮುಂದಕ್ಕೆ ಒತ್ತಿ ಮಡಿಸಿ ಹಿಡಿಯುವುದು ಅವನ ರೂಢಿ. ಮಡಿಸಿದ, ಹಿಡಿದ, ಕೆಲಸ ಮಾಡಿದ, ಆದರೆ ಕಿವಿಯ ಹಿಂದೆ ಕಣ್ಣು ಹಾಯಿಸಲಿಲ್ಲ. ನೋಡಿದರೆ ಸ್ವಂತ ತಂಗಿಯನ್ನು ಅನುಮಾನಿಸಿದ ಹಾಗಾಗುತ್ತದೆ. ಅದಕ್ಕಿಂತ, ಕಂಡುಬಿಟ್ಟರೆ ಏನು ಮಾಡುವುದು? ಪೌಡರು ಬಳಿದು, ಹೊತ್ತಾಯಿತು ಹೋಗಮ್ಮ ಎಂದು ಕಳಿಸಿದ. ಆಮೇಲೆ ಅಂಗಡಿ ತೆರೆದ. ಮೊದಲ ಗಿರಾಕಿಯಾಗಿ ಮೊಳೆ ಸಾಹುಕಾರನೇ ಬಂದು ಕಟಿಂಗ್ ಮಾಡಿಸಿಕೊಂಡು, ಆಸ್ಪತ್ರೆಯಲ್ಲಿದ್ದ ತನ್ನ ತಂದೆಗೆ ಫ್ಲಾಸ್ಕಿನಲ್ಲಿ ಹಾಲು ಒಯ್ಯಬೇಕೆಂದು ಎದ್ದು ಹೋದ. ಉಬ್ಬಸ ಹೆಚ್ಚಾಗಿ ಮಲಗಿದ್ದ ಆ ಮುದುಕನಿಗೆ ಹಿಂದಿನ ದಿನ ಪೌಡರಣ್ಣನೇ ವಾರ್ಡಿಗೆ ಹೋಗಿ ಕೂದಲು ಕತ್ತರಿಸಿ ಗಡ್ಡ ಕೆರೆದು ಬಂದಿದ್ದ.

ಹೊತ್ತೇರುವ ಮುಂಚೆಯೇ ಒಬ್ಬ ಆಟೋದವನು ಅಂಗಡಿ ಮುಂದೆ ಬ್ರೇಕು ಹಾಕಿ, ಬೇಗ ಹತ್ತಿ, ಆಸ್ಪತ್ರೆಯಲ್ಲಿ ನಿಮ್ಮನ್ನ ಕರೀತಿದ್ದಾರೆ, ಒಂದು ಕಿವಿ ನೋಡಬೇಕಂತೆ ಎಂದ. ಯಾರ ಕಿವಿ ಎಂದು ಕೇಳಿದ್ದಕ್ಕೆ, ನಂಗೇನು ಗೊತ್ತು, ತಜ್ಞರು ನೀವೇ ಅಂತಲ್ಲ ಎಂದ. ಅರ್ಧ ನೊರೆ ಹಚ್ಚಿದ್ದ ಗಿರಾಕಿಯನ್ನು ಹಾಗೇ ಕೂರಿಸಿ ಪೌಡರಣ್ಣ ಹೊರಟ. ಕಿಸೆಯಲ್ಲಿ ಬಾಚಣಿಗೆ, ಭುಜದ ಮೇಲೆ ಟವೆಲು. ದಾರಿಯುದ್ದಕ್ಕೂ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡ.

ಮೇಲಿನ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಜನ ಕಿಕ್ಕಿರಿದಿದ್ದರು. ರೋಗಿಗಳ ಕಡೆಯವರು, ಕೆಳಗಿನ ಔಷಧಿ ಅಂಗಡಿಯವರು, ಕ್ಯಾಂಟೀನಿನವರು. ಜನ ಸರಿದು ದಾರಿ ಬಿಟ್ಟರು. ಗೋಡೆಗೆ ಬೆನ್ನು ಕೊಟ್ಟು, ಔಷಧಿಯ ಟ್ರಾಲಿಯನ್ನು ಅಡ್ಡ ಹಿಡಿದು ನಿಂತಿದ್ದವಳು ಅವನ ತಂಗಿ. ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ.

ಆದದ್ದು ಇಷ್ಟು. ಸಾಹುಕಾರ ಹಾಲು ತಂದಾಗ ತಂದೆಯ ಮಂಚ ಖಾಲಿಯಿತ್ತು. ಬೆಳಗಿನ ಜಾವ ಮುದುಕನಿಗೆ ಉಸಿರು ಸಿಕ್ಕಿಕೊಂಡಿತ್ತಂತೆ, ಕಣ್ಣೆದುರೇ ಇರಲಿ ಎಂದು ರಾತ್ರಿ ಪಾಳಿಯ ಸಿಸ್ಟರು ತಮ್ಮ ಮೇಜಿನ ಪಕ್ಕದ ಕೋಣೆಗೆ ಸಾಗಿಸಿದ್ದರು. ಹಾಗೆಂದು ಹೇಳಿದರೂ, ಈಗ ತಾನೇ ನಿದ್ದೆ ಹತ್ತಿದೆ, ಸ್ವಲ್ಪ ಹೊತ್ತು ಬಿಟ್ಟು ಒಬ್ಬೊಬ್ಬರಾಗಿ ಒಳಗೆ ಹೋಗಿ, ಗಲಾಟೆ ಮಾಡಬೇಡಿ ಎಂದು ಪೌಡರಣ್ಣನ ತಂಗಿ ತಡೆದದ್ದೇ ಸಾಹುಕಾರನಿಗೆ ಸಾಕಾಯಿತು. ಇದು ಹೊಸ ರೂಲು, ಇದನ್ನು ಆ ಕೇಂದ್ರದಲ್ಲೇ ಹೇಳಿಕೊಟ್ಟಿದ್ದಾರೆ, ನಮ್ಮಪ್ಪನನ್ನು ಏನೋ ಮಾಡಿದ್ದಾರೆ ಎಂದು ಕೂಗಿ ಜನ ಸೇರಿಸಿದ್ದ. ಕಿವಿ ತೋರಿಸಲಿ ಎಂದು ಯಾರೋ ಎಂದರು. ಹೆಣ್ಣುಮಗಳನ್ನು ಮುಟ್ಟಲು ಯಾರಿಗೂ ಧೈರ್ಯವಾಗದೆ ಪೌಡರಣ್ಣನಿಗೆ ಹೇಳಿಕಳಿಸಿದ್ದರು.

ಸಾಹುಕಾರ ತಗ್ಗಿದ ದನಿಯಲ್ಲಿ, ಮರ್ಯಾದೆಯಿಂದಲೇ ಹೇಳಿದ. “ನಿಮ್ಮ ತಂಗಿ ಅಂತ ಗೊತ್ತು. ಅದಕ್ಕೇ ಬೇರೆ ಯಾರೂ ಕೈ ಹಾಕಿಲ್ಲ. ಆ ಗುರುತು ಕಂಡುಹಿಡಿದವರೇ ನೀವು. ನೀವು ನೋಡಿ ಇಲ್ಲ ಅಂದ್ರೆ ಇಲ್ಲ, ನಾವೆಲ್ಲ ಮನೆಗೆ ಹೋಗ್ತೀವಿ.”

ತಂಗಿ ಅಣ್ಣನ ಕಡೆ ತಿರುಗಿದಳು. ಆ ಗುರುತಿನ ಮಾತು ಹುಟ್ಟಿದ್ದು ಅಣ್ಣನಿಂದ ಎಂದು ಅವಳಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು, ವಾರಗಟ್ಟಲೆ ಅವಳ ಸಹೋದ್ಯೋಗಿಗಳು ಅವಳ ಹಿಂದೆ ಪಿಸುಗುಟ್ಟಿದ್ದು, ಅವಳಿಗೊಬ್ಬಳಿಗೇ ಗೊತ್ತಿರಲಿಲ್ಲ.

“ನೀನಾ ಅಣ್ಣ?”

ಅವನು ನೆಲ ನೋಡಿದ. ಅವಳು ಟ್ರಾಲಿಯನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದು, ಬಲಗಡೆಯ ಮುಖವನ್ನು ಅವನಿಗೆ ತಿರುಗಿಸಿ ನಿಂತಳು. “ಆಯ್ತು, ನೋಡು. ನೋಡಿ ಇವರಿಗೆ ಹೇಳು. ರೋಗಿಗಳೆಲ್ಲ ಹೆದರಿ ಎದ್ದು ಕೂತಿದ್ದಾರೆ.”

ಏನೇ ಇದ್ದರೂ ಇಲ್ಲ ಎನ್ನುವುದೆಂದು ಆ ಕ್ಷಣ ಅವನು ತೀರ್ಮಾನಿಸಿದ. ಇಲ್ಲ ಎಂದರೆ ಮುಗಿಯಿತು, ತಂಗಿಯ ಮಾನ ಉಳಿಯುತ್ತದೆ, ಹುದ್ದೆ ಉಳಿಯುತ್ತದೆ. ಬೆರಳಿನ ತುದಿಯಿಂದ ಕಿವಿಯನ್ನು ಮೆಲ್ಲಗೆ ಮಡಿಸಿದ. ಬೆಳಿಗ್ಗೆ ಬಳಿದ ಪೌಡರು ಇನ್ನೂ ಅಲ್ಲಿ ಹತ್ತಿಕೊಂಡಿತ್ತು. ಆ ಬಿಳುಪಿನ ನಡುವೆ ಅಕ್ಕಪಕ್ಕ, ಕೆಂಪಗೆ, ಎರಡು ಚುಕ್ಕೆ.

ಬಿಸಿ ಪಾತ್ರೆ ಮುಟ್ಟಿದವನಂತೆ ಕೈಯನ್ನು ಹಿಂದಕ್ಕೆಳೆದುಕೊಂಡ. ನಾಲಿಗೆಗೆ ಇಲ್ಲ ಎನ್ನಲು ಹೇಳಿಕೊಟ್ಟಿದ್ದ, ಕೈಗೆ ಹೇಳಿಕೊಡಲು ಮರೆತಿದ್ದ. ಅವನ ಮುಖ ನೋಡಿದ ಮೇಲೆ ಯಾರಿಗೂ ಬೇರೆ ಉತ್ತರ ಬೇಕಿರಲಿಲ್ಲ. ತಂಗಿಯೂ ಅದೇ ಮುಖ ನೋಡುತ್ತಿದ್ದಳು.

ಜನರ ನಡುವಿಂದ ಹೋ ಎಂದು ಒಂದು ಸದ್ದೆದ್ದಿತು. ಆ ಗಲಾಟೆಗೆ ಮೇಜಿನ ಪಕ್ಕದ ಕೋಣೆಯ ಬಾಗಿಲು ತೆರೆದುಕೊಂಡು, ಗೋಡೆ ಹಿಡಿದುಕೊಂಡು, ಸಾಹುಕಾರನ ತಂದೆಯೇ ಹೊರಗೆ ಬಂದ. ನೀಟಾಗಿ ಕ್ಷೌರ ಮಾಡಿದ ಮುಖ, ಕತ್ತಿನಲ್ಲಿ ಮಫ್ಲರು. ಮಗನನ್ನು ನೋಡಿ, ಹಾಲು ತಂದ್ಯೇನೋ, ಇನ್ನೂ ಎಷ್ಟು ಹೊತ್ತು ಕಾಯ್ಬೇಕು ಎಂದ. ಕಾಣೆಯಾದವನು ಎದುರು ನಿಂತಿದ್ದಾನೆ, ಗಲಾಟೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಾಹುಕಾರ ಓಡಿಹೋಗಿ ತಂದೆಯನ್ನು ತಬ್ಬಿಕೊಂಡ. ಮರುಕ್ಷಣ ಏನು ಹೊಳೆಯಿತೋ, ಮಫ್ಲರು ಸರಿಸಿ ಮುದುಕನ ಬಲಗಿವಿಯನ್ನು ಮಡಿಸಿದ. ಮಡಿಸಿದವನು ಹಾಗೇ ಕುಸಿದು ಕೂತ.

“ನಮ್ಮಪ್ಪನಿಗೂ ಹಾಕಿದ್ದಾರೆ.”

ಏಳಲಿ ಎಂದು ಪೌಡರಣ್ಣ ಸಾಹುಕಾರನ ಭುಜ ಹಿಡಿಯಲು ಬಗ್ಗಿದ. ತಲೆ ತಗ್ಗಿಸಿ ಕೂತಿದ್ದ ಸಾಹುಕಾರನ ಬಲಗಿವಿ ಅವನ ಕಣ್ಣ ಮುಂದೆಯೇ ಇತ್ತು. ಅದರ ಹಿಂದೆಯೂ ಎರಡು ಚುಕ್ಕೆ.

ಯಾವ ತರಬೇತಿಗೂ ಹೋಗದ ಮನುಷ್ಯ. ಬೆಳಿಗ್ಗೆ ತನ್ನ ಕುರ್ಚಿಯಲ್ಲಿ ಕೂತು ಎದ್ದ ಮನುಷ್ಯ. ನಿನ್ನೆ ಮುದುಕ, ತಾಗಿದರೆ ಕಂದಿ ದಿನಗಟ್ಟಲೆ ಉಳಿಯುವ ಆ ತೆಳು ಚರ್ಮ. ಈ ದಿನ ತಂಗಿ, ಆಮೇಲೆ ಸಾಹುಕಾರ. ಪೌಡರಣ್ಣ ತನ್ನ ಎಡಗೈಯನ್ನು ಎತ್ತಿ ಅಂಗೈ ತಿರುಗಿಸಿ ನೋಡಿದ. ತೋರುಬೆರಳಿನ ಒಳಗಡೆ, ಕೆಲಸಕ್ಕೆಂದು ತಿರುಗಿಸಿಕೊಂಡಿದ್ದ ಎರಡು ಹರಳು ಅಕ್ಕಪಕ್ಕ ಹೊಳೆಯುತ್ತಿದ್ದವು. ಬ್ಯಾಂಕ್ ಮ್ಯಾನೇಜರು, ಹೆಡ್‌ಮಾಸ್ಟರು, ಊರಿನ ಅರ್ಧ ಗಂಡಸರು, ಎಲ್ಲರ ಕಿವಿಯ ಹಿಂದೆಯೂ ತನ್ನದೇ ಬೆರಳು. ಅಯ್ಯೋ, ಇಷ್ಟು ದಿನ ತಾನು ನೋಡಿದ್ದು ತನ್ನದೇ ಕೈಯ ಗುರುತು.

“ಇದು ನಂದು,” ಎಂದ. ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಮತ್ತೆ ಹೇಳಿದ. “ಇದು ನನ್ನ ಉಂಗುರ. ಕಿವಿ ಒತ್ತಿ ಹಿಡಿದಾಗ ಬೀಳೋ ಗುರುತು. ಯಾವ ಯಂತ್ರನೂ ಇಲ್ಲ, ಏನೂ ಇಲ್ಲ. ನಾನೇ ತಪ್ಪು ತಿಳ್ಕೊಂಡೆ. ಇಲ್ಲಿ ನೋಡಿ.”

ತೋಳು ಮೇಲೇರಿಸಿ, ಎಡಗೈಯ ಬೆರಳನ್ನು ಬಲಗೈಯ ಚರ್ಮಕ್ಕೆ ಒತ್ತಿ ಹಿಡಿದು ತೆಗೆದ. ಎರಡು ಕೆಂಪು ಚುಕ್ಕೆ ಮೂಡಿದವು. ಒಬ್ಬೊಬ್ಬರಿಗೂ ತೋರಿಸಿದ. ಜನ ಬಗ್ಗಿ ನೋಡಿದರು, ಸುಮ್ಮನಾದರು. ಅವನಿಗೆ ಹೋದ ಜೀವ ಬಂದ ಹಾಗಾಯಿತು. ತಂಗಿಯ ಹೆಗಲೂ ಸ್ವಲ್ಪ ಸಡಿಲಾದದ್ದನ್ನು ಕಂಡ. ಇನ್ನೇನು ಎಲ್ಲರೂ ನಕ್ಕು ಹೊರಡುತ್ತಾರೆ ಎಂದುಕೊಂಡ.

ಅವನನ್ನು ಕರೆತಂದಿದ್ದ ಆಟೋದವನು ಹಿಂದಿನಿಂದ ಕೇಳಿದ. “ಉಂಗುರ ಯಾರು ಕೊಟ್ಟಿದ್ದು?”

“ನನ್ನ ತಂಗಿ,” ಎಂದ ಪೌಡರಣ್ಣ. ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಯಾವಾಗ?”

ಸಾಹುಕಾರ ಮೆಲ್ಲಗೆ ಎದ್ದು ನಿಂತು ಪೌಡರಣ್ಣನ ಪರವಾಗಿ ಉತ್ತರ ಹೇಳಿದ. ಆ ಉಂಗುರ ಬಂದದ್ದು ಕೇಂದ್ರ ಶುರುವಾದ ವರ್ಷವೇ. ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದ, ತನಗೆ ಚೆನ್ನಾಗಿ ನೆನಪಿದೆ ಎಂದ. ಹೇಳುತ್ತ ಹೇಳುತ್ತ ಅವನ ಕೈ ತನ್ನ ಬಲಗಿವಿಯ ಹಿಂದಕ್ಕೆ ಹೋಯಿತು. ಅಲ್ಲಿದ್ದ ಗಂಡಸರೆಲ್ಲರ ಕೈಯೂ ಒಂದೊಂದಾಗಿ ಬಲಗಿವಿಯ ಹಿಂದಕ್ಕೆ ಹೋಯಿತು. ಬೆರಳಿನಿಂದ ತಡಕಿಕೊಳ್ಳುತ್ತ ಅವರು ಪೌಡರಣ್ಣನನ್ನು ನೋಡಿದರು. ಇಷ್ಟು ವರ್ಷ ಕಣ್ಣು ಮುಚ್ಚಿ ಕತ್ತು ಒಪ್ಪಿಸಿ ಕೂತ ಮುಖಗಳು. ಅವನು ಒಂದು ಹೆಜ್ಜೆ ಮುಂದಿಟ್ಟದ್ದಕ್ಕೆ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಸರಿದರು.

ದೊಡ್ಡ ಡಾಕ್ಟರು ಬಂದು ಜನರನ್ನು ಚದುರಿಸಿದರು. ಯಾರೂ ಯಾರನ್ನೂ ಹೊಡೆಯಲಿಲ್ಲ, ಒಂದು ಗಾಜೂ ಒಡೆಯಲಿಲ್ಲ. ಪೌಡರಣ್ಣ ಅಂಗಡಿಗೆ ಬಂದಾಗ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಟವೆಲನ್ನು ನೆಲಕ್ಕೆ ಬಿಸಾಕಿ ಹೊರಟುಹೋಗಿದ್ದ.

ಆಮೇಲೆ ಏನಾಯಿತೆಂದು ಬಿಡಿಸಿ ಹೇಳಬೇಕೇ? ಕೇಂದ್ರದವರು ಯಾಕೆ ಬೇಕು ಈ ರಗಳೆ ಎಂದು ಬೋರ್ಡು ಇಳಿಸಿ ಬೇರೆ ಊರಿಗೆ ಹೋದರು. ನೋಡಿದಿರಾ, ಬಣ್ಣ ಬಯಲಾಯಿತು, ಓಡಿಹೋದರು ಎಂದಿತು ಊರು. ಗಂಡಸರು ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಂದು ಶಾಪಿಗೆ ಹೋಗತೊಡಗಿದರು. ಅಲ್ಲಿ ಕೂರುವ ಮುಂಚೆ ಕೈ ತೋರಿಸು ಎನ್ನುತ್ತಾರಂತೆ. ಪೌಡರಣ್ಣ ಕಂಡಕಂಡವರನ್ನು ನಿಲ್ಲಿಸಿ ನಿಜ ಹೇಳಲು ಹೋದ. ಅವನು ಹೇಳಿದಷ್ಟೂ ಅನುಮಾನ ಬೆಳೆಯಿತು. ಪಾಪ, ಅವನ ಬಾಯಿಂದ ಹೀಗೆ ಹೇಳಿಸುತ್ತಿದ್ದಾರೆ ಎಂದರು. ಸುಳ್ಳನ್ನು ಒಂದು ವಾರದಲ್ಲಿ ನಂಬಿದ ಜನ ನಿಜವನ್ನು ಕೇಳಿಸಿಕೊಳ್ಳಲೂ ತಯಾರಿರಲಿಲ್ಲ. ಆಸ್ಪತ್ರೆಯವರು ಹೆಡ್ ಸಿಸ್ಟರ್ ಹುದ್ದೆಯನ್ನು ಬೇರೆಯವರಿಗೆ ಕೊಟ್ಟು, ಅವನ ತಂಗಿಯನ್ನು ಸದ್ಯಕ್ಕೆ ಎಂದು ಹೇಳಿ ಬಟ್ಟೆ, ಹತ್ತಿ, ಸಾಮಾನು ಇಡುವ ಕೋಣೆಗೆ ಹಾಕಿದರು. ರೋಗಿಗಳನ್ನು ಮುಟ್ಟದ ಕೆಲಸ. ಆ ಸದ್ಯಕ್ಕೆ ಎನ್ನುವುದು ಮುಗಿಯುವ ಲಕ್ಷಣ ಕಾಣಲಿಲ್ಲ.

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದಳು. ಅವನು ಧಡಕ್ಕನೆ ಎದ್ದು ಕುರ್ಚಿಯನ್ನು ಟವೆಲಿನಿಂದ ಒರೆಸಿದ. ಅವಳು ಅದರಲ್ಲಿ ಕೂರಲಿಲ್ಲ. ಎರಡನೆಯ ಕುರ್ಚಿಯಲ್ಲಿ ಕೂತು, ಬ್ಯಾಗಿನಿಂದ ಒಂದು ದಾರದ ಉಂಡೆಯನ್ನೂ ಸೋಪಿನ ತುಂಡನ್ನೂ ತೆಗೆದು, ಕೈ ಕೊಡು ಎಂದಳು.

ಬಾವು ಬಂದ ಬೆರಳಿನಿಂದ ಉಂಗುರ ತೆಗೆಯುವುದು ನರ್ಸುಗಳಿಗೆ ಗೊತ್ತಿರುವ ಕೆಲಸ. ದಾರದ ತುದಿಯನ್ನು ಉಂಗುರದ ಅಡಿಯಲ್ಲಿ ತೂರಿಸಿ, ಅಲ್ಲಿಂದ ಬೆರಳಿನ ಗಂಟಿನ ಮೇಲೆಲ್ಲ ಒತ್ತೊತ್ತಾಗಿ ಸುತ್ತಿ, ಸೋಪು ಸವರಿ, ಉಂಗುರದಡಿ ತೂರಿಸಿದ ಆ ತುದಿಯಿಂದಲೇ ಬಿಚ್ಚುತ್ತ ಬಂದರೆ ಉಂಗುರ ದಾರದ ಮೇಲೆ ಜಾರಿಕೊಂಡು ಬರುತ್ತದೆ. ಅವಳು ಅವಸರ ಮಾಡದೆ ಸುತ್ತಿದಳು. ಅವನಿಗೆ ನೋಯುತ್ತಿತ್ತು, ತುಟಿ ಕಚ್ಚಿ ಕೂತಿದ್ದ. ಹೇಳಬೇಕೆಂದು ಇಟ್ಟುಕೊಂಡಿದ್ದ ಕ್ಷಮೆಯ ಮಾತುಗಳನ್ನೆಲ್ಲ ತಲೆ ತಗ್ಗಿಸಿಕೊಂಡೇ ಹೇಳಿದ. ಊರೇ ಹುಚ್ಚಾಯಿತಮ್ಮ, ನಾನು ಇಷ್ಟಾಗುತ್ತದೆ ಎಂದು ತಿಳಿದಿರಲಿಲ್ಲ ಎಂದ. ಅವಳು ದಾರ ಬಿಚ್ಚುತ್ತಿದ್ದ ಕೈಯನ್ನು ನಿಲ್ಲಿಸಿದಳು.

“ಊರು ನಂಬಿದ್ದಕ್ಕೆ ನಂಗೆ ಏನೂ ಅನ್ನಿಸ್ಲಿಲ್ಲ ಅಣ್ಣ. ನೀನು ಕಿವಿ ಮಡಿಸಿ ನೋಡಿದ್ಯಲ್ಲ, ಆಗ ನಿನ್ನ ಮುಖ ನೋಡ್ದೆ. ನೀನೂ ನಂಬಿದೆ ಅಲ್ವಾ? ನಾನು ಅವರಲ್ಲೊಬ್ಬಳು ಅಂತ.”

ಇಲ್ಲ ಎನ್ನಬೇಕೆಂದು ಬಾಯಿ ತೆರೆದ. ಜಗತ್ತಿನ ಎಲ್ಲ ವಿಷಯಕ್ಕೂ ಮಾತಿದ್ದ ಆ ಬಾಯಿ ತೆರೆದೇ ಉಳಿಯಿತು. ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಸುಳ್ಳು ಹೇಳಿದರೆ ಗೊತ್ತಾಗುತ್ತದೆ ಎಂದು ಅವನಿಗೆ ತಿಳಿದಿತ್ತು.

“ಹೂಂ,” ಎಂದ.

ಅವಳು ತಲೆಯಾಡಿಸಿ ಉಳಿದ ದಾರವನ್ನು ಬಿಚ್ಚಿದಳು. ಉಂಗುರ ಬಂತು. ಅದನ್ನು ಟವೆಲಿನ ಅಂಚಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡು, ಬೆರಳಿಗೆ ಸ್ವಲ್ಪ ಎಣ್ಣೆ ಹಚ್ಚು, ಎರಡು ದಿನದಲ್ಲಿ ಬಾವು ಇಳಿಯುತ್ತದೆ ಎಂದು ಹೇಳಿ ಹೋದಳು.

ಆ ಭಾನುವಾರ ಅವನು ಹಿತ್ತಿಲಲ್ಲಿ ಸ್ಟೂಲು ಹಾಕಿ ಕಾದ. ಮುಂದಿನ ಭಾನುವಾರವೂ ಹಾಕಿದ. ಸುಮ್ಮನೆ ಯಾಕೆ ಬಿಸಿಲಿಗೆ ಇಡುತ್ತೀರಿ ಎಂದು ಹೆಂಡತಿ ಅದನ್ನು ಒಳಗೆ ತಂದಿಟ್ಟಳು. ಈಗ ಅವನು ಅಂಗಡಿಯ ಬಾಗಿಲಲ್ಲಿ ನಿಂತಿರುವಾಗ ಕೆಲವು ಸಂಜೆ ತಂಗಿ ಎದುರುಗಡೆಯಿಂದ ಮನೆಗೆ ನಡೆದು ಹೋಗುವುದು ಕಾಣುತ್ತದೆ. ಚೆನ್ನಾಗಿದ್ದೀಯಾ ಅಣ್ಣ ಎಂದು ಕೇಳುತ್ತಾಳೆ, ಅವನೂ ಚೆನ್ನಾಗಿದ್ದೀನಮ್ಮ ಎನ್ನುತ್ತಾನೆ. ಅವಳು ಕೂದಲು ಬೆಳೆಸುತ್ತಿದ್ದಾಳೆ. ಅದು ಈಗ ಎರಡೂ ಕಿವಿಗಳನ್ನು ಮುಚ್ಚಿ ಭುಜದವರೆಗೆ ಬಂದಿದೆ.